ಗಟ್ಟಿತನ ಯಾರ ಗಳಿಕೆ?

ಉಳಿಯ ಪೆಟ್ಟು ತಿನ್ನದೆ ಕಲ್ಲು ವಿಗ್ರಹವಾಗದು ಎಂಬ ಮಾತನ್ನು ಕೇಳಿ ಬೆಳೆದವರು ನಾವೆಲ್ಲ. ನಮ್ಮ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದವರೂ ಹೌದು. ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಸುಖ ಮೆತ್ತಗೆ ಮಾಡುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಚರ್ಚೆಗೆ ಬರುವ ವಿಷಯವೇ ಅಲ್ಲ. ಅದು ಮೊದಲೇ ತೀರ್ಮಾನವಾಗಿಹೋದ ಸಂಗತಿ. ನಾನಾದರೂ ಈ ಮಾತನ್ನು ಎಷ್ಟು ಸಲ ಆಡಿದ್ದೇನೋ ಹೇಳಲಾರೆ. ದಿನವೂ ಬ್ಯಾಂಕಿನಲ್ಲಿ ಕುಳಿತು ಪರರ ಲೆಕ್ಕ ತಾಳೆ ನೋಡುವ ನನಗೆ, ಈ ಒಂದು ಮಾತಿನ ಲೆಕ್ಕವನ್ನು ತಾಳೆ ನೋಡಬೇಕೆಂದು ಅನ್ನಿಸಿದ್ದು ಬಹಳ ತಡವಾಗಿ. ಅದೂ ಒಬ್ಬ ಕಾಲೇಜು ಹುಡುಗಿ ಕೇಳಿದ ಸಣ್ಣ ಪ್ರಶ್ನೆಯೊಂದರಿಂದ.

ಎರಡು ವರ್ಷದ ಹಿಂದೆ ಹೊಸೂರಿನಲ್ಲಿ ನಮ್ಮ ಕನ್ನಡ ಮನೆಗಳವರು ಸೇರಿ, ಆ ವರ್ಷ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಒಂದು ಸನ್ಮಾನ ಇಟ್ಟುಕೊಂಡಿದ್ದರು. ತಳಿ, ದೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆಗಳಿಂದ ಮಕ್ಕಳೂ ತಂದೆತಾಯಂದಿರೂ ಬಂದಿದ್ದರು. ನನ್ನನ್ನು ‘ಕಷ್ಟದಲ್ಲಿ ಬೆಳೆದು ಮೇಲೆ ಬಂದವರು’ ಎಂದು ಪರಿಚಯಿಸಿ ನಾಲ್ಕು ಮಾತು ಹೇಳಿರೆಂದರು. ನಾನೂ ಹೇಳಿದೆ. ಒಂಬತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡದ್ದು, ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದ ತಂದೆ ಕುಡಿದು ಬಂದು ಹೊಡೆಯುತ್ತಿದ್ದದ್ದು, ರಾಗಿಮುದ್ದೆಗೆ ಹುರುಳಿಸಾರೂ ಇಲ್ಲದ ರಾತ್ರಿಗಳು, ಆಮೇಲೆ ಬಿ.ಎ. ಮುಗಿಸಿ ಪರೀಕ್ಷೆ ಬರೆದು ಬ್ಯಾಂಕಿನ ಗುಮಾಸ್ತನಾದದ್ದು. ಕೊನೆಗೆ, ಈಗಿನ ಮಕ್ಕಳು ಸಣ್ಣದಕ್ಕೂ ಕುಗ್ಗಿಹೋಗುತ್ತಾರೆ, ಒಂದು ಪರೀಕ್ಷೆ ಹೋದರೆ ಜೀವವೇ ಹೋದ ಹಾಗೆ ಆಡುತ್ತಾರೆ, ನಾವು ಹಾಗಿರಲಿಲ್ಲ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಉಳಿಪೆಟ್ಟಿನ ಮಾತನ್ನೂ ಹೇಳಿದ್ದೆ.

ಊಟದ ಹೊತ್ತಿಗೆ, ಎರಡನೆಯ ವರ್ಷದ ಪದವಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಎಲೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. “ಸಾರ್, ನಿಮ್ ಮನೇಲಿ ನೀವೊಬ್ರೇನಾ ಮಗು? ಬೇರೆಯವ್ರೂ ಇದ್ರಾ?” ಎಂದಳು. “ಒಬ್ಬ ತಮ್ಮ ಇದ್ದಾನಮ್ಮ” ಎಂದೆ. “ಅವ್ರೇನಾದ್ರು ಸಾರ್?” “ಚೆನ್ನಾಗಿದ್ದಾನೆ” ಎಂದು ಹೇಳಿ, ಯಾರನ್ನೋ ಮಾತಾಡಿಸುವವನಂತೆ ಅತ್ತ ಸರಿದುಬಿಟ್ಟೆ. ಅವಳು “ಸರಿ ಸಾರ್” ಎಂದಷ್ಟೇ ಅಂದದ್ದು ಬೆನ್ನ ಹಿಂದೆ ಕೇಳಿಸಿತು. ಅವಳು ಅದನ್ನು ನನ್ನ ಬಗ್ಗೆ ಕೇಳಿದಳೋ, ತನ್ನ ಬಗ್ಗೆ ಕೇಳಿಕೊಂಡಳೋ ಎಂಬ ಯೋಚನೆ ಬಂದದ್ದು ರಾತ್ರಿ ಮಲಗಿದ ಮೇಲೆ. ಅಂದು ಕೊಡದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಮ್ಮನ ವಿಚಾರ. ಅವನು ನನಗಿಂತ ಮೂರು ವರ್ಷ ಚಿಕ್ಕವನು. ಅದೇ ತಾಯಿಯನ್ನು ಕಳೆದುಕೊಂಡವನು, ಅದೇ ತಂದೆಯಿಂದ ಏಟು ತಿಂದವನು. ಓದಿನಲ್ಲಿ ನನಗಿಂತ ಚುರುಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, 2000ದಲ್ಲಿ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದ. ಆಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಎರಡನೆಯ ವರ್ಷದ ನಡುವಿನಲ್ಲಿ ಅವನಿಗೆ ನಿದ್ದೆ ಬರುವುದು ನಿಂತಿತು. ತರಗತಿಗೆ ಹೋಗುವುದನ್ನು ಬಿಟ್ಟ. ಹಾಸ್ಟೆಲಿನಲ್ಲಿ ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದನಂತೆ. ಪೆಟ್ಟಿಗೆ ತೆಗೆದುಕೊಂಡು ನನ್ನ ಬಾಡಿಗೆ ಕೋಣೆಗೆ ಬಂದ. ನಾನು ಆಗತಾನೇ ಕೆಲಸಕ್ಕೆ ಸೇರಿದ್ದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದ ಕಾಲ. ಅವನಿಗೆ ಹೇಳಿದೆ: “ಅದೇ ಮನೇಲಿ ನಾನೂ ಬೆಳೆದಿಲ್ವೇನೋ? ನಾನು ತಾಳ್ಕೊಂಡೆ. ನಿಂಗೇನ್ ದಾಡಿ?”

ಅವನು ಉತ್ತರ ಕೊಡಲಿಲ್ಲ. ಅಂದಿನಿಂದ ನನ್ನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದ. ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ಅವನು ಬದುಕುವುದೇ ಬೇಡವೆಂಬ ತೀರ್ಮಾನಕ್ಕೆ ಬಂದಿದ್ದ. ಪಕ್ಕದ ಮನೆಯ ಹೆಂಗಸು ಕಂಡು ಕೂಗಿಕೊಂಡದ್ದರಿಂದ ಉಳಿದ. ಈ ಸಾಲನ್ನು ಬರೆಯಲು ನನಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಊರಿನಲ್ಲಿ ಜ್ವರವೆಂದು ಹೇಳಿದ್ದೆವು.

ನಮ್ಮ ಹೊಸೂರಿನವರಿಗೆ ಒಂದು ವಿಚಿತ್ರ ಭಾಗ್ಯವಿದೆ. ನಮ್ಮ ಊರಿನ ಹೆಸರನ್ನೇ ಹೊತ್ತ ಹೊಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆ ಸುಮಾರು 40 ಕಿಲೋಮೀಟರು ಹೋದರೆ ನಿಮ್ಹಾನ್ಸ್ ಆಸ್ಪತ್ರೆಯ ಗೇಟು ಸಿಗುತ್ತದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿದ್ದು, 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಜನ ರೈಲು ಹತ್ತಿ ಬರುತ್ತಾರೆ. ನಮಗೋ ಒಂದು ಬಸ್ಸಿನ ದಾರಿ. ಆದರೆ ಆ ಹೆಸರನ್ನು ನಾವು ಹೆಚ್ಚಾಗಿ ಬಳಸುತ್ತಿದ್ದದ್ದು ಬೈಯುವುದಕ್ಕೆ. ತಮ್ಮನನ್ನು ಕರೆದುಕೊಂಡು ಆ ಬಸ್ಸಿನಲ್ಲಿ ಕುಳಿತ ದಿನ, ಪರಿಚಯದವರು ಯಾರಾದರೂ ಹತ್ತಿಯಾರೆಂದು ನಾನು ಅತ್ತಿಬೆಲೆಯವರೆಗೂ ತಲೆ ತಗ್ಗಿಸಿಕೊಂಡೇ ಇದ್ದೆ.

ವೈದ್ಯರು ತಮ್ಮನೊಡನೆ ಬಹಳ ಹೊತ್ತು ಕನ್ನಡದಲ್ಲಿ ಮಾತಾಡಿದರು. ಅದಕ್ಕೆ ಮೊದಲು ಒಂದೂವರೆ ವರ್ಷದಿಂದ ಅವನು ಇಂಗ್ಲಿಷಿನಲ್ಲಿ ಪಾಠ ಕೇಳಿ, ತಮಿಳಿನಲ್ಲಿ ಊಟಕ್ಕೆ ಕೇಳಿ, ಕನ್ನಡವನ್ನು ತನ್ನೊಳಗೇ ಇಟ್ಟುಕೊಂಡಿದ್ದ. ಹೊರಗೆ ಬಂದ ಮೇಲೆ ವೈದ್ಯರು ನನ್ನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು: ನೀವು ಚಿಕ್ಕವರಾಗಿದ್ದಾಗ ಏಟು ತಿಂದ ಮೇಲೆ ಯಾರ ಹತ್ತಿರ ಓಡಿಹೋಗುತ್ತಿದ್ದಿರಿ? ನಾನು ಯೋಚಿಸದೆ ‘ದೊಡ್ಡಮ್ಮನ ಹತ್ತಿರ’ ಎಂದೆ. ನಿಮ್ಮ ತಮ್ಮ? ಎಂದರು. ನನಗೆ ಹೇಳಲು ಏನೂ ಇರಲಿಲ್ಲ.

ಸಂಗತಿ ಏನೆಂದರೆ, ತಾಯಿ ತೀರಿಕೊಂಡ ಮರುವರ್ಷ, 1989ರಲ್ಲಿ, ಹೊಸೂರಿನ ದೊಡ್ಡಮ್ಮ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ದೊಡ್ಡಪ್ಪ ಸಿಪ್‌ಕಾಟ್‌ನ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಅವರಿಗೇ ಮೂವರು ಮಕ್ಕಳು. ಇನ್ನೊಂದು ತಟ್ಟೆ ಇಡಬಹುದು, ಎರಡು ಇಡಲು ಆಗದು ಎಂದು ಲೆಕ್ಕ ಹಾಕಿದರು. ನಾನು ದೊಡ್ಡವನು, ಓದಿಗೆ ಬಂದವನು ಎಂದು ನನ್ನನ್ನು ಆರಿಸಿದರು. ತಮ್ಮ ತಂದೆಯ ಬಳಿ ಉಳಿದ. ಹಬ್ಬಕ್ಕೆ ನಾನು ಊರಿಗೆ ಹೋಗುತ್ತಿದ್ದೆ. ತಂದೆಯ ಏಟಿನ ರುಚಿ ನನಗೂ ಇತ್ತು. ಆದರೆ ಏಟು ತಿಂದ ಮೇಲೆ ನನಗೆ ಹೊಸೂರಿನ ಬಸ್ಸು ಇತ್ತು. ಇಷ್ಟು ದೊಡ್ಡ ವ್ಯತ್ಯಾಸವನ್ನು ನಾನು ಹನ್ನೆರಡು ವರ್ಷ ಮರೆತು, ‘ಅದೇ ಮನೆ’ ಎಂದು ಹೇಳುತ್ತ ಬಂದಿದ್ದೆ. ಸನ್ಮಾನದ ಭಾಷಣದಲ್ಲಿಯೂ ದೊಡ್ಡಮ್ಮನ ಹೆಸರು ಬಂದಿರಲಿಲ್ಲ. ಕಷ್ಟದ ಕಥೆಯಲ್ಲಿ ನೆರವಾದವರಿಗೆ ಜಾಗ ಕೊಟ್ಟರೆ ಕಥೆ ಹೇಳುವವನ ಎತ್ತರ ಒಂದಿಷ್ಟು ಕಡಿಮೆಯಾಗುತ್ತದೆಯೆಂಬ ಭಯ ಇರಬೇಕು.

ಈಚೆಗೆ ಈ ವಿಷಯದ ಮೇಲೆ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ನಾನು ವಿದ್ವಾಂಸನಲ್ಲ. ಆದರೂ ಎರಡು ಅಧ್ಯಯನಗಳನ್ನು ಓದುಗರ ಮುಂದಿಡಬೇಕು. ಮೊದಲನೆಯದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ್ದು. 9,500ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಏಳು ಬಗೆಯ ಕಷ್ಟಗಳ ಬಗ್ಗೆ ಕೇಳಲಾಯಿತು: ಮಾತಿನ ಹಿಂಸೆ, ಹೊಡೆತ, ಲೈಂಗಿಕ ಹಿಂಸೆ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರು, ಮನೋರೋಗಿಗಳು, ಜೈಲಿಗೆ ಹೋದವರು. ಅರ್ಧಕ್ಕೂ ಹೆಚ್ಚು ಜನ ಇವುಗಳಲ್ಲಿ ಒಂದನ್ನಾದರೂ ಕಂಡವರು. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಕಂಡವರಲ್ಲಿ, ಒಂದನ್ನೂ ಕಾಣದವರಿಗೆ ಹೋಲಿಸಿದರೆ, ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಎಂದರೆ, ಬಾಲ್ಯದ ಏಟು ಬಾಲ್ಯದಲ್ಲಿ ಮುಗಿದುಹೋಗುವುದಿಲ್ಲ. ಎಷ್ಟೋ ಸಲ ಅದರ ಬಡ್ಡಿ ಕೇಳಿಕೊಂಡು ಬರುವುದು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ. ಹುಡುಗ ಮನೆ ಬಿಟ್ಟು ಹಾಸ್ಟೆಲಿನಲ್ಲಿ ಒಬ್ಬನೇ ಮಲಗುವ ಕಾಲದಲ್ಲಿ.

ಎರಡನೆಯದು ಹವಾಯಿಯ ಕವಾಯಿ ಎಂಬ ದ್ವೀಪದ್ದು. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ನಲವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಜಗಳ, ಕುಡಿತ, ತಂದೆತಾಯಿಯ ಮಾನಸಿಕ ಕಾಯಿಲೆ ಇಂಥ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ನೆಮ್ಮದಿಯ, ಸಮರ್ಥ ವಯಸ್ಕರಾದರು. ಅವರಲ್ಲಿ ಏನಿತ್ತು? ಒಳ್ಳೆಯ ಸ್ವಭಾವ, ಒಂದು ಹವ್ಯಾಸ, ಒಂದಿಷ್ಟು ಆತ್ಮವಿಶ್ವಾಸ ಇವೆಲ್ಲ ಇದ್ದವು. ಅವುಗಳ ಜೊತೆಗೆ ಮತ್ತೆಮತ್ತೆ ಕಂಡುಬಂದದ್ದು, ಆ ಮಗುವನ್ನು ನಿಜವಾಗಿ ಒಪ್ಪಿಕೊಂಡ ಒಬ್ಬ ಹಿರಿಯ ಜೀವ. ಅಜ್ಜಿಯೋ, ಚಿಕ್ಕಮ್ಮನೋ, ಮೇಷ್ಟ್ರೋ, ನೆರೆಯವರೋ. ನನ್ನ ದೊಡ್ಡಮ್ಮನಿಗೆ ಓದು ಬರುವುದಿಲ್ಲ. ಕವಾಯಿಯ ಹೆಸರನ್ನಂತೂ ಕೇಳಿರಲಿಲ್ಲ. ಆದರೆ ಆ ದ್ವೀಪದ ಪುಸ್ತಕದಲ್ಲಿ ಅವರ ಮುಖವೇ ಕಾಣಿಸಿತು.

ಇಲ್ಲಿಂದ ನನ್ನ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಕಷ್ಟವನ್ನು ತಾಳಿಕೊಂಡು ನಿಂತ ಗಟ್ಟಿತನ ಯಾರ ಗಳಿಕೆ? ಅದನ್ನು ಆ ಮಗುವಿನ ಸ್ವಂತ ಗುಣವೆಂದು ಹೊಗಳಿದರೆ, ಬಿದ್ದ ಮಗುವಿನ ಬೀಳುವಿಕೆಯನ್ನೂ ಅದರ ಸ್ವಂತ ದೋಷವೆಂದೇ ಹೇಳಬೇಕಾಗುತ್ತದೆ. ಹೊಗಳಿಕೆಯ ಒಂದು ಮಾತು ವೇದಿಕೆಯ ಮೇಲಿರುವವನಿಗೆ ಹಾರವಾಗಿ ಬಿದ್ದರೆ, ಅದೇ ಮಾತು ಹಿಂದಿನ ಸಾಲಿನಲ್ಲಿ ಕುಳಿತವನಿಗೆ ತೀರ್ಪಾಗಿ ಬೀಳುತ್ತದೆ. ‘ಅವನಿಗಾಯಿತು, ನಿನಗೇಕೆ ಆಗಲಿಲ್ಲ?’ ನನ್ನ ಭಾಷಣ ಕೇಳಿದ ಆ ಹುಡುಗಿಗೆ ಕೇಳಿಸಿದ್ದು ಇದೇ ಇರಬೇಕು.

ಉಳಿಪೆಟ್ಟಿನ ಗಾದೆಯನ್ನೇ ತೆಗೆದುಕೊಳ್ಳಿ. ಕೃಷ್ಣಗಿರಿಯ ಕಡೆ ಗ್ರಾನೈಟ್ ಕ್ವಾರಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಳ್ಳೆಯ ದಿಮ್ಮಿಗಿಂತ ದೊಡ್ಡದು ಒಡೆದ ಕಲ್ಲಿನ ಗುಡ್ಡೆ. ವಿಗ್ರಹದ ಮುಂದೆ ನಿಂತು ಉಳಿಯನ್ನು ಹೊಗಳುವವರು ಆ ಗುಡ್ಡೆಯ ಕಡೆಗೆ ತಿರುಗಿ ನೋಡುವುದಿಲ್ಲ. ಅದೂ ಅಲ್ಲದೆ ಶಿಲ್ಪಿ ಕಲ್ಲನ್ನು ತಟ್ಟಿ, ದನಿ ಕೇಳಿ, ಸೀಳು ಎಲ್ಲಿದೆಯೆಂದು ನೋಡಿ, ಬೇಕಾದಷ್ಟೇ ಪೆಟ್ಟು ಹಾಕುತ್ತಾನೆ. ಅವನ ಕಣ್ಣ ಮುಂದೆ ಒಂದು ರೂಪವಿರುತ್ತದೆ. ನನ್ನ ತಂದೆ ಕುಡಿದು ಬಂದು ಹೊಡೆಯುವಾಗ ಅವರ ಕಣ್ಣ ಮುಂದೆ ಯಾವ ರೂಪವೂ ಇರಲಿಲ್ಲ. ಅದನ್ನು ಉಳಿಪೆಟ್ಟೆಂದು ಕರೆದು, ತಂದೆಗೂ ಇಲ್ಲದ ಒಂದು ಉದ್ದೇಶವನ್ನು ನಾನು ಅವರಿಗೆ ಕಟ್ಟಿಕೊಟ್ಟೆ. ಅದರಿಂದ ನನ್ನ ನೋವು ಒಂದಿಷ್ಟು ಅರ್ಥಪೂರ್ಣವೆನಿಸಿತು, ನಿಜ. ಆ ಅರ್ಥಕ್ಕೆ ಬೆಲೆ ತೆತ್ತವನು ತಮ್ಮ.

ಇಲ್ಲಿ ಇಬ್ಬರು ಎದ್ದು ನಿಂತು ಆಕ್ಷೇಪಿಸಬಹುದು. ಮೊದಲನೆಯವರು ಕೇಳುತ್ತಾರೆ: ಎಲ್ಲವೂ ಪರಿಸ್ಥಿತಿಯ ಕೈಯಲ್ಲೇ ಇದ್ದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆ ಇಲ್ಲವೇ? ಇದ್ದೇ ಇದೆ. ಇದನ್ನು ನನ್ನ ಕೆಲಸದ ಮೇಜಿನಿಂದಲೇ ಹೇಳುತ್ತೇನೆ. ಸಾಲ ಪಡೆದವನು ಬೆವರು ಸುರಿಸಿ ದುಡಿದು ಕಂತು ಕಟ್ಟಬೇಕು; ಆ ದುಡಿಮೆ ಅವನದೇ. ಆದರೆ ಸಾಲ ಮಂಜೂರಾಗಬೇಕಾದರೆ ಬೇರೊಬ್ಬರು ಸಹಿ ಹಾಕಿರುತ್ತಾರೆ. ವಿದ್ಯಾಭ್ಯಾಸದ ಸಾಲವನ್ನೇ ನೋಡಿ. ನಾಲ್ಕು ಲಕ್ಷ ರೂಪಾಯಿಯವರೆಗೆ ಆಸ್ತಿಯ ಅಡಮಾನ ಬೇಡ. ಆದರೆ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹಸಾಲಗಾರರಾಗಿ ನಿಲ್ಲಬೇಕು. ಆ ಜಾಗ ಖಾಲಿ ಬಿಟ್ಟ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ. ಅವರ ಅಂಕಪಟ್ಟಿ ಚೆನ್ನಾಗಿಯೇ ಇರುತ್ತದೆ. ಬಾಲ್ಯವೂ ಹೀಗೆಯೇ. ನನ್ನ ಪ್ರಯತ್ನ ನನ್ನದು, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ನನ್ನ ಅರ್ಜಿಗೆ ದೊಡ್ಡಮ್ಮ ಜಾಮೀನು ಹಾಕಿದ್ದರು. ತಮ್ಮನ ಅರ್ಜಿಯಲ್ಲಿ ಆ ಜಾಗ ಖಾಲಿ ಇತ್ತು. ಖಾಲಿ ಬಿಟ್ಟವನು ಅವನಲ್ಲ.

ಎರಡನೆಯವರ ಆಕ್ಷೇಪ ಇನ್ನೂ ಗಟ್ಟಿ: ಹಾಗಾದರೆ ಮಕ್ಕಳನ್ನು ನೆರಳಲ್ಲೇ ಬೆಳೆಸಬೇಕೇ? ಬಿಸಿಲು ತಾಕದ ಮಗು ನಾಳೆ ನಿಲ್ಲುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ತಮ್ಮನೇ. ಕಾಲೇಜನ್ನು ಅವನು ಮತ್ತೆ ಸೇರಲಿಲ್ಲ. ಔಷಧಿ, ವೈದ್ಯರ ಮಾತು, ಬಿದ್ದು ಎದ್ದ ನಾಲ್ಕೈದು ವರ್ಷಗಳಾದ ಮೇಲೆ ಕೃಷ್ಣಗಿರಿ ಕಡೆಯ ಒಂದು ಮಾವಿನ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ಒಮ್ಮೆ ನಾನು ಹೋದಾಗ ಸಸಿಗಳ ಸಾಲುಗಳನ್ನು ತೋರಿಸಿ ಹೇಳಿದ: “ಅಣ್ಣಾ, ಇದನ್ನ ಒಂದೇ ದಿನ ಬಿಸ್ಲಿಗಿಟ್ರೆ ಸುಟ್ಟೋಗ್ತದೆ. ಕೊನೇವರ್ಗೂ ನೆರಳಲ್ಲಿಟ್ರೂ ನೆಲಕ್ಕೆ ನಟ್ಟಾಗ ಸಾಯ್ತದೆ. ದಿನಾ ಒಂದಿಷ್ಟು ಬಿಸ್ಲು ತೋರ್ಸಿ, ನೀರಾಕಿ, ಮತ್ತೆ ನೆರಳಿಗೆ ತರ್ಬೇಕು.” ಇಂಗ್ಲೆಂಡಿನ ಮನೋವೈದ್ಯ ಮೈಕೇಲ್ ರಟರ್ ಇದನ್ನೇ ಲಸಿಕೆಯ ಹೋಲಿಕೆಯಿಂದ ಹೇಳಿದ್ದಾರೆ. ದೇಹ ತಾಳಿಕೊಳ್ಳಬಲ್ಲ ಪ್ರಮಾಣದಲ್ಲಿ ರೋಗಾಣುವನ್ನು ಎದುರಿಸಿದರೆ ಶಕ್ತಿ ಬರುತ್ತದೆ. ಮಕ್ಕಳ ಕಷ್ಟದ ವಿಷಯದಲ್ಲೂ ಅಷ್ಟೇ. ಪರೀಕ್ಷೆಯ ಸೋಲು, ಹಾಸ್ಟೆಲಿನ ಊಟ, ಸ್ನೇಹಿತರ ಜಗಳ, ಕೆಲಸದ ಹೊಣೆ ಇವೆಲ್ಲ ದಿನದ ಬಿಸಿಲು. ಮರಳಿ ಬರಲು ನೆರಳಿದ್ದರೆ ಅವು ಮಗುವನ್ನು ಬೆಳೆಸುತ್ತವೆ. ನೆರಳೇ ಇಲ್ಲದವನಿಗೆ ಅದೇ ಪರೀಕ್ಷೆಯ ಸೋಲು ಕೊನೆಯ ಹುಲ್ಲುಕಡ್ಡಿಯೂ ಮುರಿದುಹೋದಂತೆ. ಹೊರಗಿನಿಂದ ನೋಡುವ ನಾವು ‘ಇಷ್ಟು ಸಣ್ಣದಕ್ಕೆ?’ ಎನ್ನುತ್ತೇವೆ.

ನಮ್ಮ ಕನ್ನಡ ಜಗತ್ತಿಗೆ ಈ ನೆರಳಿನ ವಿಚಾರ ಹೊಸತೇನಲ್ಲ. ವಾರಾನ್ನವೆಂಬ ಪದ್ಧತಿ ಹಿರಿಯರಿಗೆ ನೆನಪಿರಬಹುದು. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಬಡ ಹುಡುಗ ಓದು ಮುಗಿಸುತ್ತಿದ್ದ. ಎಳೆತನದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡು, ಓದಿನ ನಡುವೆ ಊರು ಬಿಟ್ಟು ಮುಂಬಯಿಯ ರೈಲು ನಿಲ್ದಾಣದಲ್ಲಿ ಹೊರೆ ಹೊತ್ತು, ಮತ್ತೆ ಮೈಸೂರಿಗೆ ಬಂದು ತತ್ವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದ ಎಸ್.ಎಲ್. ಭೈರಪ್ಪನವರ ಬಾಳನ್ನು ನಾವು ಛಲದ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಛಲ ಇತ್ತು, ಸಂದೇಹವಿಲ್ಲ. ಆದರೆ 1996ರಲ್ಲಿ ಬಂದ ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದುವಾಗ, ಅನ್ನ ಹಾಕಿದ ಕೈಗಳನ್ನೂ ಕಲಿಸಿದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಓದಬೇಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ವಾರಾನ್ನದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬರುವ ಹಾಸ್ಟೆಲಿನ ಬದುಕನ್ನು ಓದಿದರೆ, ಮನೆಗಳು ಕೊಡದ ನೆರಳನ್ನು ಸಾರ್ವಜನಿಕ ಹಾಸ್ಟೆಲುಗಳು ಕೊಡಬೇಕಾಗಿ ಬಂದದ್ದು ತಿಳಿಯುತ್ತದೆ. ಒಬ್ಬ ದೊಡ್ಡಮ್ಮನ ತಟ್ಟೆಗೆ ಮಿತಿಯಿದೆ. ಆ ಮಿತಿಯ ಆಚೆಗೆ ಸಮಾಜ, ಸರಕಾರ, ಕಾಲೇಜು ಜಾಮೀನು ನಿಲ್ಲಬೇಕು.

ನಿಂತಿವೆಯೇ? ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ತಮಿಳುನಾಡು, ಕೇರಳಗಳೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲವೆಂದು ಕಂಡಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಮಾರ್ಗಸೂಚಿ ನೀಡಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಸಾಯಲು ಯತ್ನಿಸಿದವನನ್ನು ತೀವ್ರ ಮನೋಒತ್ತಡದಲ್ಲಿದ್ದವನೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವನಿಗೆ ಆರೈಕೆ ಕೊಡುವುದು ಸರಕಾರದ ಕರ್ತವ್ಯ ಎಂದು ಹೇಳಿತು. ನಾವು ‘ಜ್ವರ’ ಎಂದು ಸುಳ್ಳು ಹೇಳಿದ ಕಾಲದಲ್ಲಿ ಇವು ಯಾವುವೂ ಇರಲಿಲ್ಲ. ಕಾಯಿದೆ ಮನೆಯವರಿಗಿಂತ ಮುಂದೆ ಹೋಗಿದೆ. ಮನೆಯವರು ಇನ್ನೂ ಜ್ವರವೆಂದೇ ಹೇಳುತ್ತಿದ್ದೇವೆ.

ಗಡಿಯ ಮನೆಗಳವರಾದ ನಮಗೆ ಇಲ್ಲೊಂದು ಹೆಚ್ಚಿನ ಹೊಣೆಯಿದೆ. ಕಾಸರಗೋಡಿನ ಓದುಗರಿಗೆ ಹೊಸೂರು ದೂರದ ಊರಾದರೂ ಈ ಸಂಗತಿ ದೂರದ್ದಲ್ಲ. ನಮ್ಮಲ್ಲಿ ತಮಿಳು ಕಲಿಕೆಯ 2006ರ ಕಾಯಿದೆ, ನಿಮ್ಮಲ್ಲಿ ಮಲಯಾಳ ಕಲಿಕೆಯ 2017ರ ಕಾಯಿದೆ. ಅವುಗಳ ಸರಿತಪ್ಪು ಬೇರೆ ಲೇಖನದ ವಿಷಯ. ನೆರೆಯ ಭಾಷೆಯನ್ನು ಕಲಿಯುವುದು ಒಳ್ಳೆಯದೇ. ತಮಿಳು ನನಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನನಗೆ ಪ್ರೀತಿಯಿದೆ. ನಾನು ಹೇಳುವುದು ಇಷ್ಟೇ: ನಮ್ಮ ಮಗು ಕಾಲೇಜಿಗೆ ಹೋದಾಗ ಊರಿನ ಜೊತೆಗೆ ಭಾಷೆಯನ್ನೂ ಬಿಟ್ಟು ಹೋಗುತ್ತದೆ. ಪಾಠಕ್ಕೆ ಒಂದು ಭಾಷೆ, ಪೇಟೆಗೆ ಒಂದು ಭಾಷೆ ಸಾಕಾಗಬಹುದು. ಎಳೆತನದಲ್ಲಿ ತಿಂದ ಏಟನ್ನು ಹೇಳಿಕೊಳ್ಳಲು ಮಾತ್ರ ಆ ಏಟು ಬಿದ್ದಾಗ ಅತ್ತ ಭಾಷೆಯೇ ಬೇಕಾಗುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’ ಎಂಬ ಸರಕಾರದ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡ, ಮಲಯಾಳ, ತಮಿಳು ಭಾಷೆಗಳಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕದ ಪಕ್ಕ ಬರೆದಿಡಬೇಕೆಂದು ನನ್ನ ವಿನಂತಿ. ಆದರೆ ಅದಕ್ಕೂ ಮೊದಲು, ವಾರಕ್ಕೊಮ್ಮೆ ಫೋನು ಮಾಡಿ ‘ಮಾರ್ಕ್ಸ್ ಎಷ್ಟು?’ ಎಂಬುದರ ಬದಲು ‘ನಿದ್ದೆ ಬರ್ತಿದೆಯೇನಪ್ಪಾ?’ ಎಂದು ಕನ್ನಡದಲ್ಲಿ ಕೇಳುವ ಒಬ್ಬರು ಮನೆಯಲ್ಲಿರಬೇಕು.

ಕವಾಯಿಯ ಅಧ್ಯಯನದ ಇನ್ನೊಂದು ಅಂಶವನ್ನು ಹೇಳದೆ ಬಿಟ್ಟಿದ್ದೆ. ಹದಿಹರೆಯದಲ್ಲಿ ಎಡವಿದ್ದ ಮಕ್ಕಳಲ್ಲಿ ಬಹುಪಾಲು ಮಂದಿ ಮೂವತ್ತು ನಲವತ್ತರ ವಯಸ್ಸಿಗೆ ಚೇತರಿಸಿಕೊಂಡಿದ್ದರು. ಒಂದು ಕೆಲಸ, ನಿಂತಿದ್ದ ಓದನ್ನು ಮುಂದುವರಿಸುವ ಅವಕಾಶ, ಒಬ್ಬ ಒಳ್ಳೆಯ ಸಂಗಾತಿ, ಹೀಗೆ ಎರಡನೆಯ ಬಾಗಿಲೊಂದು ಅವರಿಗೆ ತೆರೆದಿತ್ತು. ಜಾಮೀನು ಬಾಲ್ಯದಲ್ಲೇ ಸಿಗಬೇಕೆಂದಿಲ್ಲ. ತಡವಾಗಿ ಸಿಕ್ಕರೂ ಕೆಲಸ ಮಾಡುತ್ತದೆ. ತಮ್ಮನಿಗೆ ಅದು ವೈದ್ಯರ ಕೋಣೆಯಲ್ಲಿ ಒಂದಿಷ್ಟು, ನರ್ಸರಿಯ ಯಜಮಾನರ ತಾಳ್ಮೆಯಲ್ಲಿ ಒಂದಿಷ್ಟು ಸಿಕ್ಕಿತು. ನನ್ನಿಂದ ಸಿಗಬೇಕಾದದ್ದು ಎಲ್ಲಕ್ಕಿಂತ ತಡವಾಗಿ ಸಿಕ್ಕಿತು. ನಾನು ಅವನ ಕ್ಷಮೆ ಕೇಳಿದ್ದು ತಂದೆ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಅವನು, “ಬಿಡಣ್ಣಾ, ನೀನೂ ಆಗ ಚಿಕ್ಕವನೇ ಅಲ್ವಾ” ಎಂದ. ಆ ಮಾತಿನಲ್ಲಿದ್ದ ಗಟ್ಟಿತನಕ್ಕೆ ಯಾವ ವೇದಿಕೆಯಲ್ಲೂ ಯಾರೂ ಹಾರ ಹಾಕಿಲ್ಲ.

ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಬರಿ. ಆದ್ರೆ ಅಣ್ಣ ಗೆದ್ದ, ತಮ್ಮ ಸೋತ ಅಂತ ಬರೀಬೇಡ.” ಹಾಗೆ ಬರೆಯದಿರಲು ನನ್ನ ಕೈಲಾದಷ್ಟು ಪ್ರಯತ್ನಿಸಿದ್ದೇನೆ.

ಆ ಹುಡುಗಿ ಈಗ ಎಲ್ಲಿ ಓದುತ್ತಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಮನೆಗೆ ತಲುಪಿದರೆ ಅವಳಿಗೆ ನನ್ನ ಉತ್ತರ ಇದು: ಅಮ್ಮಾ, ನನಗೊಬ್ಬ ತಮ್ಮನಿದ್ದಾನೆ. ಅವನು ಬಿದ್ದ, ಎದ್ದ; ಈಗಲೂ ಕೆಲವು ದಿನ ಅವನಿಗೆ ಕಷ್ಟ, ಮಾತ್ರೆ ತೆಗೆದುಕೊಳ್ಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ನಾನು ನಿಂತದ್ದು ನನ್ನೊಬ್ಬನ ಬಲದಿಂದಲ್ಲ. ಅವನು ಬಿದ್ದದ್ದು ಅವನೊಬ್ಬನ ತಪ್ಪಿನಿಂದಲ್ಲ. ಅಂದು ನೀನು ಕೇಳಿದಾಗ ನಾನು ಎಲೆ ಬದಿಗಿಟ್ಟು ನಿನ್ನೊಡನೆ ಕುಳಿತುಕೊಳ್ಳಬೇಕಾಗಿತ್ತು. ಈಗ ಬ್ಯಾಂಕಿನಲ್ಲಿ ನನ್ನ ಮೇಜಿನ ಮುಂದೆ ಒಂದು ಕುರ್ಚಿ ಹೆಚ್ಚಿಗೆ ಹಾಕಿಸಿದ್ದೇನೆ. ಸಾಲದ ಅರ್ಜಿಯಲ್ಲಿ ಒಂದು ಜಾಗ ಖಾಲಿ ಬಿಟ್ಟುಕೊಂಡು ಬರುವ ಮಕ್ಕಳಿಗೆ ಮೊದಲು ಕುಳಿತುಕೊಳ್ಳಲು ಹೇಳುತ್ತೇನೆ. ಆ ಜಾಗವನ್ನು ತುಂಬುವ ಅಧಿಕಾರ ಗುಮಾಸ್ತನಿಗಿಲ್ಲ. ಆದರೆ ಅದು ಏಕೆ ಖಾಲಿಯಾಯಿತೆಂದು ಕೇಳಿ, ಹೇಳುವವರೆಗೆ ಕಾಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.